ಹೊಸ ಲ್ಯಾಪ್‌ಟಾಪಿನ ವೈಫೈ ಕಾಟಕ್ಕೆ ಹಾಕಿಕೊಂಡ ಇಂಟೆಲ್ ಎಎಕ್ಸ್210 ಕಾರ್ಡ್: 7 ತಿಂಗಳ ಬಳಕೆಯ ನಂತರ

ಕಳೆದ ದೀಪಾವಳಿಯ ರಿಯಾಯಿತಿ ಮಾರಾಟದಲ್ಲಿ ಕೊಂಡ ಲ್ಯಾಪ್‌ಟಾಪಿನ ಪರದೆ, ಕೀಲಿಮಣೆ, ಬ್ಯಾಟರಿ ಇವುಗಳ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ. ತಕರಾರು ಇದ್ದದ್ದು ಒಂದೇ: ಅದರಲ್ಲಿ ವೈಫೈ ಸ್ಥಿರವಾಗಿ ಉಳಿಯುತ್ತಿರಲಿಲ್ಲ. ಸಂಪರ್ಕ ಸಿಗುತ್ತಿತ್ತು, ಪರದೆಯ ಮೂಲೆಯ ಗುರುತು ಸಿಗ್ನಲ್ ಭರ್ತಿ ಇದೆಯೆಂದೇ ತೋರಿಸುತ್ತಿತ್ತು, ಆದರೆ ಇಪ್ಪತ್ತು ನಿಮಿಷಕ್ಕೋ ನಲವತ್ತು ನಿಮಿಷಕ್ಕೋ ಒಮ್ಮೆ ಹೇಳದೆ ಕೇಳದೆ ಕಡಿದುಹೋಗಿ, ಒಂದೆರಡು ನಿಮಿಷದ ನಂತರ ಏನೂ ಆಗಿಲ್ಲವೆಂಬಂತೆ ಮರಳುತ್ತಿತ್ತು. ಮುಚ್ಚಳ ಮುಚ್ಚಿ ಊಟ ಮುಗಿಸಿ ಬಂದು ತೆರೆದರೆ ಕೆಲವು ದಿನ ವೈಫೈ ಗುಂಡಿಯೇ ಮಾಯವಾಗಿರುತ್ತಿತ್ತು. ಯಂತ್ರದ ಬಿಡಿಭಾಗಗಳನ್ನು ಪಟ್ಟಿ ಮಾಡಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದರೆ ಕಾರ್ಡಿನ ಹೆಸರಿನ ಪಕ್ಕ ಹಳದಿ ತ್ರಿಕೋನ, ಒಳಗೆ ‘ಕೋಡ್ 10’, ಅಂದರೆ ಈ ಸಾಧನ ಚಾಲೂ ಆಗಲಾರದು ಎಂಬ ಸಂದೇಶ. ಪೂರ್ತಿ ಆರಿಸಿ ಮತ್ತೆ ಹಚ್ಚಿದರೆ ಸರಿಹೋಗುತ್ತಿತ್ತು. ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುವ ನನಗೆ ತಿಂಗಳ 20ನೇ ತಾರೀಖು ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ಮಾಸಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನವಾದ್ದರಿಂದ, ಒಟಿಪಿ ಹಾಕುವ ಹೊತ್ತಿಗೆ ಸರಿಯಾಗಿ ನೆಟ್ ಹೋದರೆ ಆಗುವ ಸಂಕಟವನ್ನು ವಿವರಿಸಬೇಕಾಗಿಲ್ಲ.

ಈ ವಿಮರ್ಶೆ ಆ ಕಾಟವನ್ನು ಕೊನೆಗೂ ನಿಲ್ಲಿಸಿದ ಇಂಟೆಲ್ ಎಎಕ್ಸ್210 ಎಂಬ ವೈಫೈ ಕಾರ್ಡಿನದು. ಆದರೆ ಕಾರ್ಡಿನ ಮಾತಿಗೆ ಬರುವ ಮುಂಚೆ ಕಾಸು ಖರ್ಚಾಗದ ಉಪಾಯಗಳನ್ನು ಹೇಳಲೇಬೇಕು, ಏಕೆಂದರೆ ನನ್ನ ತೊಂದರೆಯ ಅರ್ಧ ಭಾಗ ಅವುಗಳಿಂದಲೇ ಇಳಿಯಿತು ಮತ್ತು ಹಲವರಿಗೆ ಅಷ್ಟರಲ್ಲೇ ಕೆಲಸ ಆಗಿಬಿಡಬಹುದು.

ಎಲ್ಲರಂತೆ ನಾನೂ ಮೊದಲು ಬೈದದ್ದು ನೆಟ್ ಕೊಡುವವರನ್ನು. ಅವರ ಹುಡುಗ ಎರಡು ಬಾರಿ ಬಂದು ರೌಟರಿನ ಚಾನೆಲ್ ಬದಲಿಸಿ, ತನ್ನ ಮೊಬೈಲಿನಲ್ಲಿ ವೇಗ ಅಳೆದು, ‘ನೋಡಿ ಸಾರ್, ಫುಲ್ ಬರ್ತಾ ಇದೆ’ ಎಂದು ತೋರಿಸಿ ಹೋದ. ಅವನು ಹೇಳಿದ್ದು ನಿಜವೇ ಆಗಿತ್ತು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ರೌಟರ್ ಕೆಳಗಿನ ಹಾಲಿನಲ್ಲಿದೆ, ನನ್ನ ಮೇಜು ಮಹಡಿಯ ಕೋಣೆಯಲ್ಲಿದೆ, ನಡುವೆ ಕಾಂಕ್ರೀಟ್ ತಾರಸಿಯಿದೆ. ಆದರೂ ಅದೇ ಮೇಜಿನ ಮೇಲಿಟ್ಟ ಮೊಬೈಲಿಗೆ ಒಮ್ಮೆಯೂ ಸಂಪರ್ಕ ತಪ್ಪುತ್ತಿರಲಿಲ್ಲ. ದೋಷ ಎಲ್ಲಿದೆಯೆಂದು ತಿಳಿಯಲು ಇದಕ್ಕಿಂತ ಖಚಿತವಾದ ಪರೀಕ್ಷೆಯೊಂದಿದೆ. ವಿಂಡೋಸ್‌ನಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿನ ಎರಡು ಕಿಟಕಿಗಳನ್ನು ತೆರೆದು, ಒಂದರಲ್ಲಿ ನಿಮ್ಮ ರೌಟರಿನ ವಿಳಾಸಕ್ಕೆ, ಸಾಮಾನ್ಯವಾಗಿ ಅದು 192.168.1.1, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರಿನ ವಿಳಾಸವಾದ 8.8.8.8ಕ್ಕೆ ನಿಲ್ಲಿಸದೆ ಪಿಂಗ್, ಅಂದರೆ ಉತ್ತರ ಬರುತ್ತದೆಯೇ ಎಂದು ಕೇಳುವ ಪುಟ್ಟ ಸಂದೇಶ, ಹಚ್ಚಿ ಬಿಡಬೇಕು. ಸಂಪರ್ಕ ಹೋದಾಗ ಎರಡನೆಯದು ಮಾತ್ರ ನಿಂತರೆ ತಪ್ಪು ನೆಟ್ ಕೊಡುವವರದು ಅಥವಾ ಅವರ ಕೇಬಲ್ಲಿನದು. ಎರಡೂ ಒಟ್ಟಿಗೆ ನಿಂತರೆ ತಪ್ಪು ಮನೆಯೊಳಗಿನದು. ನನ್ನಲ್ಲಿ ಎರಡೂ ಒಂದೇ ಸಾಲಿಗೆ ನಿಂತವು. ತೆಳ್ಳಗಿನ ಲ್ಯಾಪ್‌ಟಾಪುಗಳಿಗೆ ಈಗ ಲ್ಯಾನ್ ತೂತೇ ಇರುವುದಿಲ್ಲವಾದ್ದರಿಂದ, ಪರಿಚಯದವರೊಬ್ಬರಿಂದ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಂದು, ಕೆಳಗೆ ರೌಟರಿನ ಪಕ್ಕದಲ್ಲೇ ಕುಳಿತು ತಂತಿಯ ಮೂಲಕ ಒಂದು ದಿನ ಕೆಲಸ ಮಾಡಿದೆ. ಒಂದು ಪಿಂಗ್ ಕೂಡ ತಪ್ಪಲಿಲ್ಲ. ರೌಟರ್, ವಿಂಡೋಸ್, ನೆಟ್ ಮೂರೂ ಸರಿಯಿವೆ, ಲ್ಯಾಪ್‌ಟಾಪಿನ ವೈಫೈ ಮಾತ್ರ ಸರಿಯಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ವಿಂಡೋಸ್ 10 ಮತ್ತು 11ರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸೌಲಭ್ಯವಿದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘netsh wlan show wlanreport’ ಎಂಬ ಆಜ್ಞೆ ಕೊಟ್ಟರೆ ಹಿಂದಿನ 3 ದಿನಗಳ ವೈಫೈ ಇತಿಹಾಸವನ್ನು ಅದು ಒಂದು ಪುಟವಾಗಿ ಬರೆದುಕೊಡುತ್ತದೆ: ಯಾವಾಗ ಸೇರಿಕೊಂಡಿತು, ಎಷ್ಟು ಹೊತ್ತು ಉಳಿಯಿತು, ಯಾವ ಕಾರಣಕ್ಕೆ ಕಡಿಯಿತು. ನನ್ನ ವರದಿಯ ನಕ್ಷೆಯಲ್ಲಿ ದೋಷ ಸೂಚಿಸುವ ಕೆಂಪು ವೃತ್ತಗಳು ಹುಡುಗಿಯ ಕೊರಳಿನ ಹವಳದ ಸರದಂತೆ ಸಾಲುಗಟ್ಟಿದ್ದವು, ಕಾರಣದ ಜಾಗದಲ್ಲಿ ಬಹುಪಾಲು ಒಂದೇ ಉತ್ತರವಿತ್ತು: ಸಂಪರ್ಕವನ್ನು ಕಡಿದದ್ದು ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ಆ ಪುಟವನ್ನು ಉಳಿಸಿಟ್ಟುಕೊಳ್ಳಿ; ಸರ್ವಿಸ್ ಸೆಂಟರಿನ ಮೇಜಿನ ಮುಂದೆ ಬಾಯಿಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ಇನ್ನು ರಿಪೇರಿಯ ಮಾತು. ಹೊಸ ಲ್ಯಾಪ್‌ಟಾಪ್ ಅಂದರೆ ಡ್ರೈವರ್ ಕೂಡ ಹೊಸದು ಎಂದು ನಂಬಬಾರದು. ಪೆಟ್ಟಿಗೆಯೊಳಗೆ ಬಂದ ಡ್ರೈವರ್ ಯಂತ್ರ ಕಾರ್ಖಾನೆ ಬಿಟ್ಟ ಕಾಲದ್ದಾಗಿರುತ್ತದೆ. ತಯಾರಕರ ಜಾಲತಾಣದಲ್ಲಿ ಅದೇ ಮಾದರಿಯ ಹೆಸರಿನಡಿ ಇರುವುದನ್ನು ಇಳಿಸಿ ಹಾಕಿಕೊಳ್ಳುವುದು ಮೊದಲ ಕೆಲಸ. ನನ್ನಲ್ಲಿ ಇದರಿಂದ ಕಡಿತಗಳು ದಿನಕ್ಕೆ ಹತ್ತು ಹನ್ನೆರಡರಿಂದ ಆರೇಳಕ್ಕೆ ಇಳಿದವು. ಎರಡನೆಯದು ವಿದ್ಯುತ್ ಉಳಿತಾಯ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಗುಣಲಕ್ಷಣಗಳ ಕಿಟಕಿಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಗುರುತನ್ನು ತೆಗೆಯಬೇಕು. ಮುಚ್ಚಳ ತೆರೆದಾಗ ಕಾರ್ಡ್ ಮಾಯವಾಗುವ ಚಾಳಿ ಇದರಿಂದಲೇ ಮುಕ್ಕಾಲು ಪಾಲು ಹೋಯಿತು. ಇತ್ತೀಚಿನ ಅನೇಕ ಯಂತ್ರಗಳಲ್ಲಿ, ಮೊಬೈಲಿನಂತೆ ಅರೆನಿದ್ದೆಯಲ್ಲಿರುವ ಮಾಡರ್ನ್ ಸ್ಟ್ಯಾಂಡ್‌ಬೈ ವ್ಯವಸ್ಥೆ ಇರುವುದರಿಂದ, ಆ ಪುಟವೇ ಕಾಣಿಸುವುದಿಲ್ಲ. ಹುಡುಕಿ ಸಿಗಲಿಲ್ಲವೆಂದರೆ ತಪ್ಪು ನಿಮ್ಮದಲ್ಲ.

ಮೂರನೆಯದು ರೌಟರ್. ಇಂದಿನ ರೌಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡೂ ತರಂಗಪಟ್ಟಿಗಳಿಗೆ ಒಂದೇ ಹೆಸರಿಟ್ಟು, ಯಾವುದಕ್ಕೆ ಸೇರಬೇಕೆಂಬುದನ್ನು ತಾವೇ ತೀರ್ಮಾನಿಸುತ್ತವೆ. ಒಳ್ಳೆಯ ಕಾರ್ಡಿಗೆ ಇದು ಅನುಕೂಲ. ಅಶಕ್ತ ಕಾರ್ಡಿಗೆ ಎರಡು ಮನೆಯ ನೆಂಟನ ಪಾಡು, ಅತ್ತ ಇತ್ತ ಓಡಾಡುವುದರಲ್ಲೇ ಊಟ ತಪ್ಪುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಮಾತ್ರ ಸೇರಿಸಿದೆ. 2.4ರಲ್ಲಿ ನಮ್ಮಲ್ಲಿ ಬಳಸಬಹುದಾದ ಚಾನೆಲ್‌ಗಳು 13 ಇದ್ದರೂ ಒಂದರ ಮೇಲೊಂದು ಹತ್ತದವು 1, 6 ಮತ್ತು 11 ಮೂರೇ; ನಮ್ಮ ಬೀದಿಯಂಥ ಕಡೆ ಅಕ್ಕಪಕ್ಕದ ಇಪ್ಪತ್ತು ಮನೆಗಳ ರೌಟರುಗಳು ಆ ಮೂರರಲ್ಲೇ ನೂಕಾಡುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಆ ಇಕ್ಕಟ್ಟಿಲ್ಲ. ಭಾರತದಲ್ಲಿ 2018ರಲ್ಲಿ ಈ ತರಂಗಪಟ್ಟಿಯ 605 ಮೆಗಾಹರ್ಟ್ಸ್‌ನಷ್ಟು ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದಾರೆ. ಆದರೆ 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೌಟರ್ ರೇಡಾರ್ ಇದೆಯೇ ಎಂದು ಮೊದಲು ಕಿವಿಗೊಟ್ಟು ಕೇಳಬೇಕು, ಇದೆಯೆಂದು ಅನ್ನಿಸಿದರೆ ಜಾಗ ಖಾಲಿ ಮಾಡಬೇಕು ಎಂಬ ನಿಯಮವಿರುವುದರಿಂದ, ರೌಟರನ್ನು 36ಕ್ಕೋ 149ಕ್ಕೋ ಕಟ್ಟಿಹಾಕುವುದು ಕ್ಷೇಮ.

ನಾಲ್ಕನೆಯದನ್ನು ನಾನು ಕಂಡುಕೊಂಡದ್ದು ಅಕಸ್ಮಾತ್. ಬ್ಲೂಟೂತ್ ಮೌಸ್ ಆಗಾಗ ಜೋಲಿ ಹೊಡೆಯುತ್ತಿತ್ತು, ಅದೂ ಹಳೆಯ ಕಡತಗಳಿರುವ ಹಾರ್ಡ್ ಡಿಸ್ಕನ್ನು ಎಡಗಡೆ ಚುಚ್ಚಿದಾಗ ಮಾತ್ರ. ಯುಎಸ್‌ಬಿ 3.0 ತಂತಿಯಲ್ಲಿ ಹರಿಯುವ ದತ್ತಾಂಶ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲೇ ಗದ್ದಲ ಎಬ್ಬಿಸುತ್ತದೆ ಎಂಬುದನ್ನು ಇಂಟೆಲ್ 2012ರಲ್ಲೇ ಅಳತೆಗಳ ಸಮೇತ ಪ್ರಕಟಿಸಿದೆ, ಮತ್ತು ಬ್ಲೂಟೂತ್ ಇರುವುದು ಆ ಪಟ್ಟಿಯಲ್ಲೇ. ಡಿಸ್ಕನ್ನು ಒಂದು ಮೊಳದಷ್ಟು ದೂರಕ್ಕೆ ಒಯ್ಯುವ ಒಳ್ಳೆಯ ಕೇಬಲ್ ಹಾಕಿದ ಮೇಲೆ ಮೌಸ್ ದಾರಿಗೆ ಬಂತು. ಮೌಸನ್ನು ಆರೋಪಿಯೆಂದು ಎಸೆಯುವ ಮುಂಚೆ ಪಕ್ಕದಲ್ಲಿ ಏನು ಚುಚ್ಚಿದ್ದೀರಿ ಎಂದು ಒಮ್ಮೆ ನೋಡಿ.

ಇಷ್ಟಾದರೂ ದಿನಕ್ಕೆ ಮೂರು ನಾಲ್ಕು ಬಾರಿ ಸಂಪರ್ಕ ಹೋಗುವುದು ನಿಲ್ಲಲಿಲ್ಲ. ವಾರಂಟಿ ಇತ್ತು, ಸರ್ವಿಸ್ ಸೆಂಟರಿಗೆ ಮೂರು ಬಾರಿ ಒಯ್ದೆ. ಮೂರು ಬಾರಿಯೂ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿ, ‘ಸಾಫ್ಟ್‌ವೇರ್ ಸಮಸ್ಯೆ, ಸರಿಪಡಿಸಲಾಗಿದೆ’ ಎಂದು ಚೀಟಿ ಬರೆದು ಕೊಟ್ಟರು. ಅವರ ಕೋಣೆಯಲ್ಲಿ ಅವರ ರೌಟರ್ ಮೂರಡಿ ದೂರದಲ್ಲಿತ್ತು. ಅರ್ಧ ಗಂಟೆ ವಿಡಿಯೋ ಓಡಿಸಿ ಪಾಸು ಮಾಡಿದರೆ ನಲವತ್ತನೆಯ ನಿಮಿಷಕ್ಕೆ ಕಾಣಿಸಿಕೊಳ್ಳುವ ರೋಗ ಅಲ್ಲಿ ಹೇಗೆ ಕಂಡೀತು? ಕಾರ್ಡ್ ಬದಲಿಸಿ ಕೊಡಿ ಎಂದು ಕೇಳಿದ್ದಕ್ಕೆ, ಕಾರ್ಡ್ ಪತ್ತೆಯಾಗುತ್ತಿರುವವರೆಗೆ ಅದನ್ನು ಕೆಟ್ಟದ್ದೆಂದು ಪರಿಗಣಿಸಲಾಗುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ ನಾನು ಇಮೇಲ್ ಮೂಲಕ ಒಂದೇ ಪ್ರಶ್ನೆ ಕೇಳಿದೆ: ಕೆಳಗಿನ ಕವಚ ಬಿಚ್ಚಿ ವೈಫೈ ಕಾರ್ಡನ್ನು ನಾನೇ ಬದಲಿಸಿದರೆ ಉಳಿದ ಭಾಗಗಳ ವಾರಂಟಿ ಉಳಿಯುತ್ತದೆಯೇ? ಹಾನಿ ಮಾಡದಿದ್ದರೆ ಉಳಿಯುತ್ತದೆ ಎಂದು ಬರೆದರು. ಈ ಉತ್ತರ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ, ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಬರಹದಲ್ಲಿ ಪಡೆದುಕೊಳ್ಳಿ.

ಈಗ ಕಾರ್ಡಿನ ವಿಷಯ. ಎಎಕ್ಸ್210 ಎಂಬುದು 2020ರ ಕೊನೆಗೆ ಮಾರುಕಟ್ಟೆಗೆ ಬಂದ, 22 ಮಿಲಿಮೀಟರ್ ಅಗಲ 30 ಮಿಲಿಮೀಟರ್ ಉದ್ದದ, ಲ್ಯಾಪ್‌ಟಾಪಿನೊಳಗಿನ ಎಂ.2 ಎಂಬ ಕಿಂಡಿಯಲ್ಲಿ ಕೂರುವ ಕಾರ್ಡ್. ಅಂಚೆ ಚೀಟಿಯಷ್ಟೇ ದೊಡ್ಡದು. 6 ಗಿಗಾಹರ್ಟ್ಸ್ ತರಂಗಪಟ್ಟಿಯನ್ನೂ ಬಳಸಬಲ್ಲ ವೈಫೈ 6ಇ ಮತ್ತು ಬ್ಲೂಟೂತ್ ಎರಡೂ ಅದರ ಮೇಲಿವೆ. ವೈಫೈ ಪಿಸಿಐಇ ಮೂಲಕ, ಬ್ಲೂಟೂತ್ ಅದೇ ಕಿಂಡಿಯೊಳಗಿನ ಯುಎಸ್‌ಬಿ ತಂತುಗಳ ಮೂಲಕ ಮಾತನಾಡುತ್ತವೆ. ಇದು ಪೂರ್ಣ ಕಾರ್ಡ್ ಆದ್ದರಿಂದ ಇಂಟೆಲ್ ಪ್ರೊಸೆಸರಿನ ಯಂತ್ರಗಳಲ್ಲೂ ಎಎಂಡಿ ಪ್ರೊಸೆಸರಿನ ಯಂತ್ರಗಳಲ್ಲೂ ನಡೆಯುತ್ತದೆ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಎಎಕ್ಸ್201 ಮತ್ತು ಎಎಕ್ಸ್211 ಎಂಬ ಸೋದರರು ನೋಡಲು ತದ್ರೂಪ, ಆದರೆ ಅವು ಅರ್ಧ ಕಾರ್ಡುಗಳು: ವೈಫೈಯ ಅರ್ಧ ಮಿದುಳು ಇಂಟೆಲ್ ಪ್ರೊಸೆಸರಿನ ಜೊತೆಗಿನ ಚಿಪ್‌ಸೆಟ್‌ನಲ್ಲಿರುತ್ತದೆ, ಕಾರ್ಡಿನ ಮೇಲಿರುವುದು ರೇಡಿಯೋ ಭಾಗ ಮಾತ್ರ. ಅವನ್ನು ಎಎಂಡಿ ಯಂತ್ರಕ್ಕೆ ಹಾಕಿದರೆ ಬೆಸ ಸಂಖ್ಯೆಯ ಬಾಗಿಲಿಗೆ ಸಮ ಸಂಖ್ಯೆಯ ಕೀಲಿ ತಂದಂತೆ. ಹೆಸರುಗಳನ್ನು ಇಷ್ಟು ಹತ್ತಿರ ಹತ್ತಿರ ಇಟ್ಟವರಿಗೆ ಕೊಳ್ಳುವವರ ಕಷ್ಟ ಗೊತ್ತಿರಲಾರದು.

ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದವನು ಎಸ್‌.ಪಿ. ರಸ್ತೆಗೂ ಹೋದೆ. ಬಿಡಿಭಾಗಗಳ ಆ ಓಣಿಯಲ್ಲಿ ಎರಡನೇ ಮಹಡಿಯ ಒಂದು ಸಣ್ಣ ಅಂಗಡಿಯಲ್ಲಿ ಕೇಳಿದಾಗ, ಗಾಜಿನ ಪೆಟ್ಟಿಗೆಯಿಂದ ಹುಡುಗ ತೆಗೆದುಕೊಟ್ಟದ್ದು ಎಎಕ್ಸ್211.

‘ಅಲ್ಲಪ್ಪ, ನಾನು ಕೇಳಿದ್ದು 210.’

‘ಎರಡೂ ಒಂದೇ ಸಾರ್, ಇದು ಇನ್ನೂ ಹೊಸದು. ಒಂದು ನಂಬರ್ ಜಾಸ್ತಿ.’

ನನ್ನದು ಎಎಂಡಿ ಯಂತ್ರ, ಅದರಲ್ಲಿ ಇದು ಏಳುವುದೇ ಇಲ್ಲ ಎಂದಾಗ ಒಳಗಿದ್ದ ಮಾಲೀಕರು ತಲೆಯೆತ್ತಿ, ‘ಅವರು ಹೇಳಿದ್ದೇ ಕೊಡೋ’ ಎಂದರು. ಕೊಟ್ಟದ್ದು 1,900 ರೂಪಾಯಿ, ಬಿಲ್ಲು ಸಮೇತ. ಅಲ್ಲಿ ಹಳೆಯ ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಕಾರ್ಡುಗಳೂ ಹೊಸದರ ಪಕ್ಕದಲ್ಲೇ ಮಲಗಿರುತ್ತವೆ. ಆಂಟೆನಾ ಸಿಕ್ಕಿಸುವ ಚಿನ್ನದ ಬಣ್ಣದ ಗುಬುಟುಗಳ ಅಂಚಿನಲ್ಲಿ ಸವೆತದ ಗೆರೆಗಳಿದ್ದರೆ ಅದು ಬಿಚ್ಚಿದ್ದು. ಕೊಳ್ಳಬಾರದೆಂದಲ್ಲ, ಹೊಸದರ ಬೆಲೆ ಕೊಡಬಾರದು.

ಹಾಕುವ ಕೆಲಸ ಕಷ್ಟದ್ದಲ್ಲ, ಆದರೆ ತಾಳ್ಮೆಯದು. ಹಳೆಯ ಕಾರ್ಡ್ ತೆಗೆದ ಮೇಲೆ ನೆಟ್ ಇರುವುದಿಲ್ಲವೆಂಬ ಸರಳ ಸಂಗತಿ ಅನೇಕರಿಗೆ ಕವಚ ಬಿಚ್ಚಿದ ನಂತರ ಹೊಳೆಯುತ್ತದೆ. ಇಂಟೆಲ್‌ನ ವೈಫೈ ಮತ್ತು ಬ್ಲೂಟೂತ್ ಡ್ರೈವರುಗಳು ಬೇರೆ ಬೇರೆ ಕಡತಗಳಾಗಿರುವುದರಿಂದ ಎರಡನ್ನೂ ಮುಂಚೆಯೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ನನ್ನ ಯಂತ್ರದ ಕೆಳಗಿನ ಹತ್ತು ಸ್ಕ್ರೂಗಳಲ್ಲಿ ಹಿಂಜಿನ ಕಡೆಯ ಎರಡು ಉದ್ದ, ಉಳಿದವು ಗಿಡ್ಡ. ಅವನ್ನು ಬಿಚ್ಚಿದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲಿ ಇಟ್ಟೆ. ಕವಚ ತೆಗೆದ ತಕ್ಷಣ ಬ್ಯಾಟರಿಯ ಸಂಪರ್ಕ ಕಳಚುವುದು ಕಡ್ಡಾಯ. ವೈಫೈ ಕಾರ್ಡನ್ನು ಹಿಡಿದಿರುವುದು ಒಂದೇ ಒಂದು ಸ್ಕ್ರೂ, ಅದು ಜಾರಿ ಬಿದ್ದರೆ ಮದರ್‌ಬೋರ್ಡಿನ ಯಾವ ಸಂದಿಯಲ್ಲಿ ಹೋಗಿ ಕೂರುತ್ತದೋ ಹೇಳಲಾಗದು.

ನಿಜವಾದ ಪರೀಕ್ಷೆ ಆಂಟೆನಾದ್ದು. ಪರದೆಯ ಅಂಚಿನಿಂದ ಇಳಿದು ಬರುವ ಕಪ್ಪು ಮತ್ತು ಬಿಳಿ ಎರಡು ತಂತಿಗಳ ತುದಿಯಲ್ಲಿ ಸಾಸಿವೆ ಕಾಳಿನ ಗಾತ್ರದ ಲೋಹದ ಟೋಪಿಗಳಿರುತ್ತವೆ. ಅವು ಕಾರ್ಡಿನ ಮೇಲಿನ ಗುಬುಟಿನ ಮೇಲೆ ನೇರವಾಗಿ ಕೂರಬೇಕು. ಓರೆಯಾಗಿ ಒತ್ತಿದರೆ ಅಂಚು ಬಾಗುತ್ತದೆ, ಬಾಗಿದ್ದು ಮತ್ತೆ ಸರಿಯಾಗುವುದಿಲ್ಲ. ಕನ್ನಡಕ ತೆಗೆದು, ಮೊಬೈಲಿನ ಬೆಳಕು ಹಾಕಿ, ಹೆಬ್ಬೆರಳಿನ ಉಗುರಿನಿಂದ ನಿಧಾನವಾಗಿ ಅದುಮಿದಾಗ ‘ಟಕ್’ ಎಂದು ಕೂತ ಸದ್ದು ಕೇಳುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ನನಗೆ ಕಪ್ಪು ತಂತಿ ಎರಡನೆಯ ಯತ್ನಕ್ಕೆ, ಬಿಳಿಯದು ಐದನೆಯ ಯತ್ನಕ್ಕೆ ಕೂತಿತು. ವಿಚಿತ್ರವೆಂದರೆ, ಹಳೆಯ ಕಾರ್ಡನ್ನು ತೆಗೆಯುವಾಗ ಆ ಬಿಳಿ ತಂತಿ ಬೆರಳು ತಾಗಿದ ಮಾತ್ರಕ್ಕೆ ಕಳಚಿ ಬಂದಿತ್ತು. ಕಾರ್ಖಾನೆಯಲ್ಲೇ ಅದು ಪೂರ್ತಿ ಕೂತಿರಲಿಲ್ಲವೇ ಎಂಬ ಅನುಮಾನದಿಂದ ಹಳೆಯ ಕಾರ್ಡಿಗೇ ತಂತಿಗಳನ್ನು ಗಟ್ಟಿಯಾಗಿ ಸಿಕ್ಕಿಸಿ ಒಂದು ವಾರ ನೋಡಿದೆ. ಮಹಡಿಯಲ್ಲಿ ಸಿಗ್ನಲ್ ಮೈನಸ್ 71 ಡಿಬಿಎಂ ಇದ್ದದ್ದು ಮೈನಸ್ 63ಕ್ಕೆ ಸುಧಾರಿಸಿತು (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾದದ್ದು), ಆದರೆ ಡ್ರೈವರ್ ಸಂಪರ್ಕ ಕಡಿಯುವ ಚಾಳಿ ಹಾಗೇ ಉಳಿಯಿತು. ಅದಾದ ಮೇಲೆಯೇ ಹೊಸ ಕಾರ್ಡ್ ಹಾಕಿದ್ದು. ಸರ್ವಿಸ್ ಸೆಂಟರಿನವರು ಮೂರು ಭೇಟಿಗಳಲ್ಲಿ ಒಮ್ಮೆಯಾದರೂ ಕವಚ ಬಿಚ್ಚಿ ನೋಡಿದ್ದರೆ ಆ ಬಿಳಿ ತಂತಿ ಅವರ ಕಣ್ಣಿಗೆ ಬೀಳುತ್ತಿತ್ತು.

ಫಲಿತಾಂಶವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ. ವೇಗ ಹೆಚ್ಚಲಿಲ್ಲ. ನಮ್ಮದು 100 ಎಂಬಿಪಿಎಸ್ ಯೋಜನೆ, ಹಳೆಯ ಕಾರ್ಡಿನಲ್ಲೂ 90ರ ಮೇಲೆ ಬರುತ್ತಿತ್ತು, ಈಗಲೂ ಅಷ್ಟೇ ಬರುತ್ತದೆ. ಅರ್ಧ ನಿಮಿಷ ಓಡುವ ವೇಗ ಪರೀಕ್ಷೆಗೆ ಅರ್ಧ ಗಂಟೆಗೊಮ್ಮೆ ಬರುವ ಕಡಿತ ಕಾಣುವುದೇ ಇಲ್ಲ. ಬದಲಾದದ್ದು ಪಿಂಗ್ ಲೆಕ್ಕ: ಮೊದಲ ವಾರ ರೌಟರಿಗೆ ದಿನವಿಡೀ ಪಿಂಗ್ ಹಚ್ಚಿ ಬಿಟ್ಟಾಗ ತಪ್ಪಿದವು ಬೆರಳೆಣಿಕೆಯಷ್ಟು, ಸಾಲಾಗಿ ತಪ್ಪಿದ್ದು ಒಮ್ಮೆಯೂ ಇಲ್ಲ. 7 ತಿಂಗಳಲ್ಲಿ ಸಂಪರ್ಕ ತಾನಾಗಿ ಕಡಿದ ನೆನಪು ಎರಡು ಸಲದ್ದು, ಅದರಲ್ಲಿ ಒಂದು ಕರೆಂಟ್ ಹೋಗಿ ರೌಟರ್ ಆರಿದ ದಿನ. ಮುಚ್ಚಳ ತೆರೆದರೆ ಎರಡು ಮೂರು ಸೆಕೆಂಡಿನಲ್ಲಿ ನೆಟ್ ಸಿದ್ಧ. ಕೋಡ್ 10 ಮತ್ತೆ ಕಾಣಿಸಿಲ್ಲ.

ಪೆಟ್ಟಿಗೆಯ ಮೇಲಿನ 2.4 ಜಿಬಿಪಿಎಸ್ ಎಂಬ ಸಂಖ್ಯೆಗೆ ಮರುಳಾಗಬೇಡಿ. ಅದು 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೊಡುವ ರೌಟರಿನ ಜೊತೆಗಿನ ಗರಿಷ್ಠ ಲೆಕ್ಕ. ಸಾಮಾನ್ಯವಾದ 80 ಮೆಗಾಹರ್ಟ್ಸ್ ರೌಟರಿನಲ್ಲಿ ವೈಫೈ 6ರ ಸಂಪರ್ಕ 1,201 ಎಂಬಿಪಿಎಸ್‌ನಲ್ಲಿ ನಿಲ್ಲುತ್ತದೆ, ವೈಫೈ 5 ರೌಟರಾದರೆ 867ರಲ್ಲಿ. ಮನೆಗೆ ಬರುವ ನೆಟ್ ನೂರು ಇನ್ನೂರರದ್ದಾಗಿರುವಾಗ ಈ ಯಾವ ಸಂಖ್ಯೆಯೂ ನಮ್ಮ ಬಳಕೆಯನ್ನು ಮುಟ್ಟುವುದಿಲ್ಲ. 6 ಗಿಗಾಹರ್ಟ್ಸ್ ಬಳಸಬೇಕೆಂದರೆ ವಿಂಡೋಸ್ 11 ಬೇಕು, ಅದಕ್ಕೆ ತಕ್ಕ ರೌಟರ್ ಬೇಕು. ಆ ಆಸೆಗಾಗಿ ಮಾತ್ರ ಈ ಕಾರ್ಡ್ ಕೊಳ್ಳುವುದು ವ್ಯರ್ಥ. ಲಿನಕ್ಸ್ ಬಳಸುವವರಿಗೆ ಕರ್ನೆಲ್ 5.10 ಅಥವಾ ಅದಕ್ಕಿಂತ ಹೊಸದಿದ್ದರೆ ಬೇರೆ ತಂತ್ರ ಬೇಕಾಗಿಲ್ಲ.

ಬ್ಲೂಟೂತ್ ಬಗ್ಗೆ ಒಂದು ಮಾತು. ಹೆಡ್‌ಸೆಟ್ಟಿನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ಆದರೆ ಮೀಟಿಂಗ್ ಶುರುವಾಗಿ ಮೈಕ್ ತೆರೆದ ಕೂಡಲೇ ಧ್ವನಿ ಹಳೆಯ ದೂರವಾಣಿಯಂತಾಗುತ್ತದೆ ಎಂದು ಕೆಲವರು ಕಾರ್ಡನ್ನು ದೂರುವುದುಂಟು. ಮೈಕ್ ತೆರೆದಾಗ ಬ್ಲೂಟೂತ್ ಸಂಗೀತದ ವಿಧಾನದಿಂದ ಕರೆಯ ವಿಧಾನಕ್ಕೆ ಬದಲಾಗುವುದೇ ಅದಕ್ಕೆ ಕಾರಣ, ಹೆಚ್ಚಿನ ಹೆಡ್‌ಸೆಟ್ಟುಗಳಲ್ಲಿ ಕಾರ್ಡ್ ಬದಲಿಸಿದರೂ ಅದು ಹಾಗೆಯೇ. ಮೀಟಿಂಗಿಗೆ ಲ್ಯಾಪ್‌ಟಾಪಿನದೇ ಮೈಕನ್ನು ಆರಿಸಿಕೊಂಡರೆ ಕಿವಿಗೆ ಒಳ್ಳೆಯ ಧ್ವನಿ ಉಳಿಯುತ್ತದೆ.

ನನ್ನ ಅಂಕ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ 201, 210, 211ರ ಗೊಂದಲಕ್ಕೆ. ಆದರೆ ಮೊಬೈಲೂ ಅದೇ ಜಾಗದಲ್ಲಿ ಸಂಪರ್ಕ ಕಳೆದುಕೊಳ್ಳುತ್ತಿದ್ದರೆ ಇದನ್ನು ಕೊಳ್ಳಬೇಡಿ, ರೌಟರಿನ ಜಾಗ ಬದಲಿಸಿ. ಕೆಲವು ಹಳೆಯ ಮಾದರಿಗಳ ಬಯಾಸ್, ಅಂದರೆ ಯಂತ್ರ ಹಚ್ಚಿದಾಗ ಮೊದಲು ಓಡುವ ತಂತ್ರಾಂಶ, ತಾನು ಒಪ್ಪಿದ ಕಾರ್ಡನ್ನಷ್ಟೇ ಒಳಗೆ ಬಿಡುತ್ತದೆ, ಅದನ್ನೂ ವಿಚಾರಿಸಿ. ಎಲ್ಲಕ್ಕಿಂತ ಮೊದಲು ನಿಮ್ಮ ಮಾದರಿಯಲ್ಲಿ ಕಾರ್ಡ್ ಬಿಚ್ಚಲು ಬರುತ್ತದೆಯೇ ಎಂದು ಸರ್ವಿಸ್ ಕೈಪಿಡಿಯಲ್ಲಿ ನೋಡಿ. ನನ್ನ ಕಥೆ ಕೇಳಿ ಉತ್ಸಾಹದಿಂದ ಇದೇ ಕಾರ್ಡ್ ತರಿಸಿದ್ದ ಭಾವನವರ ಹೊಸ ಲ್ಯಾಪ್‌ಟಾಪಿನ ಕವಚವನ್ನು ಕಳೆದ ಭಾನುವಾರ ಇಬ್ಬರೂ ಕೂತು ಬಿಚ್ಚಿದೆವು. ವೈಫೈ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದರು. ಅವರೀಗ 5 ಗಿಗಾಹರ್ಟ್ಸ್ ಹಿಡಿಯುವ ಒಂದು ಯುಎಸ್‌ಬಿ ಡಾಂಗಲ್ ಚುಚ್ಚಿಕೊಂಡಿದ್ದಾರೆ, ಒಂದು ಕಿಂಡಿ ಹೋಯಿತೆಂಬ ಬೇಸರ ಬಿಟ್ಟರೆ ಅದೂ ತಡೆಯಿಲ್ಲದೆ ನಡೆಯುತ್ತಿದೆ. ಅವರು ತರಿಸಿದ್ದ ಎಎಕ್ಸ್210 ಪೊಟ್ಟಣ ಒಡೆಯದ್ದರಿಂದ ವಾಪಸು ಹೋಯಿತು.